ಆಪ್ ಟೆಸ್ಟ್ ಮಾಡಿ ದುಡ್ಡು ಬರುತ್ತೆ ಅಂತಾರಲ್ಲ, ಬೆಂಗಳೂರಲ್ಲಿ ನಿಜವಾಗ್ಲೂ ಮಾಡ್ತಿರೋರು ಯಾರಾದ್ರೂ ಇದೀರಾ?

ಕೆಂಗೇರಿ_ಉಪನಗರ

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿಸಿ ಒಂದೂವರೆ ವರ್ಷ ಆಯ್ತು. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ಮನೇಲಿ ನೋಡ್ಕೊಳ್ಳೋಕೆ ನಾನೊಬ್ಳೇ, ಹಾಗಾಗಿ ಸದ್ಯಕ್ಕೆ ಹೊರಗಡೆ ಕೆಲಸಕ್ಕೆ ಹೋಗೋ ಹಾಗಿಲ್ಲ. ಮೊನ್ನೆ ಟೆಲಿಗ್ರಾಮಲ್ಲಿ ಒಂದು ಮೆಸೇಜ್ ಬಂತು, ಹೊಸ ಆಪ್‌ಗಳನ್ನ ಡೌನ್‌ಲೋಡ್ ಮಾಡಿ ಸ್ಟಾರ್ ಕೊಟ್ಟು ಎರಡು ಸಾಲು ಫೀಡ್‌ಬ್ಯಾಕ್ ಬರೆದ್ರೆ ಒಂದಕ್ಕೆ 50 ರೂಪಾಯಿ, ದಿನಕ್ಕೆ 2 ಸಾವಿರದವರೆಗೂ ಮಾಡಬಹುದು ಅಂತ. ಹೋದ ಶನಿವಾರ ಮೂರು ಆಪ್‌ಗೆ ಮಾಡ್ದೆ, 150 ರೂಪಾಯಿ ಯುಪಿಐಗೆ ಬಂದೇ ಬಿಡ್ತು! ಮನೇಲಿ ಅಣ್ಣ ಮಾತ್ರ ಇದೆಲ್ಲ ಮೋಸ ಅಂತಿದಾನೆ. ದುಡ್ಡು ಬಂದಿದೆಯಲ್ಲ, ಮೋಸ ಹೇಗಾಗುತ್ತೆ ಅಂತ ನಂಗೆ ಅನ್ನಿಸ್ತಿದೆ. ಟೆಸ್ಟಿಂಗ್ ಅನ್ನೋದು ನಿಜವಾದ ಕೆಲಸಾನೇ ಅಲ್ವಾ? ಗೊತ್ತಿರೋರು ದಯವಿಟ್ಟು ಹೇಳಿ.

ಮಲ್ಲೇಶ್ವರ_8ನೇಕ್ರಾಸ್

ಅಕ್ಕ ಅಲ್ಲೇ ನಿಲ್ಸಿ. ಒಂದೇ ಪ್ರಶ್ನೆ, ನಿಮ್ ಹತ್ರ ಅವರು ದುಡ್ಡು ಕೇಳಿದಾರಾ ಇಲ್ವಾ?

ಕೆಂಗೇರಿ_ಉಪನಗರ

ಕೇಳಿದ್ರು... ಭಾನುವಾರ ಪ್ರೀಪೇಯ್ಡ್ ಟಾಸ್ಕ್ ಅಂತ 1000 ಕಟ್ಟೋಕೆ ಹೇಳಿದ್ರು, ಕಟ್ದೆ, ಅರ್ಧ ಗಂಟೇಲಿ 1300 ವಾಪಸ್ ಬಂತು. ಇವತ್ತು 8000 ಕಟ್ಟಿದೀನಿ. ಅವರ ವೆಬ್‌ಸೈಟಲ್ಲಿ ನನ್ನ ಬ್ಯಾಲೆನ್ಸ್ 11,400 ಅಂತ ತೋರಿಸ್ತಿದೆ, ಆದ್ರೆ ತಗೋಬೇಕಂದ್ರೆ ಇನ್ನೊಂದು ಟಾಸ್ಕ್ ಮುಗಿಸಬೇಕಂತೆ, ಅದಕ್ಕೆ 22,000.

ಮಲ್ಲೇಶ್ವರ_8ನೇಕ್ರಾಸ್

ಆ 22 ಸಾವಿರ ಯಾವ ಕಾರಣಕ್ಕೂ ಕಟ್ಬೇಡಿ. ಆ 11,400 ಅನ್ನೋದು ಬರೀ ಪರದೆ ಮೇಲೆ ಬರೆದಿರೋ ನಂಬರ್ರು, ಅದರ ಹಿಂದೆ ಒಂದು ರೂಪಾಯಿನೂ ಇಲ್ಲ. ನನ್ನ ತಮ್ಮ ಹೀಗೇ ಕೈ ಸುಟ್ಕೊಂಡ, ಮೊದ್ಲು ನೂರು ಇನ್ನೂರು ಬಂತು, ಆಮೇಲೆ 5 ಸಾವಿರ, 18 ಸಾವಿರ, ಕೊನೇಲಿ ವಿತ್‌ಡ್ರಾ ಮಾಡೋಕೆ ಟ್ಯಾಕ್ಸ್ ಕಟ್ಟಿ ಅಂದ್ರು, ಅದನ್ನೂ ಕಟ್ದ, ಒಟ್ಟು 94 ಸಾವಿರ ಹೋಯ್ತು, ಅದರಲ್ಲಿ ನಮ್ಮಮ್ಮನ ಚೀಟಿ ದುಡ್ಡೂ ಇತ್ತು. ಅವನು ತಿಂಗಳುಗಟ್ಟಲೆ ಯಾರಿಗೂ ಹೇಳ್ದೆ ಒಳಗೊಳಗೇ ಕೊರಗಿದ, ನಂಗೆ ಇವತ್ತಿಗೂ ಅದನ್ನ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. ನೀವು ಇಲ್ಲಿ ಬಂದು ಕೇಳಿದ್ರಲ್ಲ, ಅದೇ ದೊಡ್ಡದು.

ಈಗಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ಮೊದ್ಲು 155260 ಇತ್ತು, ಈಗ ದೇಶಕ್ಕೆಲ್ಲ 1930. ಪೇಮೆಂಟ್ ಹಿಸ್ಟರಿ ತೆಗೆದ್ರೆ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ಇರುತ್ತೆ, ಅದು, ಟೈಮು, ಯಾವ ಐಡಿಗೆ ಹೋಯ್ತು, ನಿಮ್ಮ ಬ್ಯಾಂಕ್ ಯಾವ್ದು, ಇಷ್ಟು ಕೈಯಲ್ಲಿ ಇಟ್ಕೊಂಡು ಮಾತಾಡಿ. ದುಡ್ಡು ಅವರ ಖಾತೆಯಿಂದ ಮುಂದಕ್ಕೆ ದಾಟೋದ್ರೊಳಗೆ ಹೇಳಿದ್ರೆ ಬ್ಯಾಂಕಿನವರು ತಡೆ ಹಿಡೀಬಹುದು, ಒಂದೊಂದು ಗಂಟೆಗೂ ಬೆಲೆ ಇದೆ. ಟೆಲಿಗ್ರಾಮ್ ಚಾಟ್ ಡಿಲೀಟ್ ಮಾಡ್ಬೇಡಿ, ಎಲ್ಲ ಸ್ಕ್ರೀನ್‌ಶಾಟ್ ತಗೊಳ್ಳಿ. ಅಣ್ಣನಿಗೂ ಹೇಳಿ, ಬೈದ್ರೂ ಪರ್ವಾಗಿಲ್ಲ.

ಲೆಕ್ಕದ_ಪುಸ್ತಕ

ಇನ್ನೊಂದು ಮಾತು, ಆ 150, ಆ 1300 ಕಂಪನಿ ಹೆಸರಿಂದ ಬಂದಿರಲ್ಲ ನೋಡಿ, ಯಾವ್ದೋ ಊರಿನ ಯಾರದೋ ಖಾತೆಯಿಂದ ಬಂದಿರುತ್ತೆ. ಅದು ನಿಮ್ಮ ಹಾಗೇ ಮೋಸ ಹೋದ ಇನ್ನೊಬ್ಬರ ದುಡ್ಡೂ ಆಗಿರಬಹುದು. ಅವರು ದೂರು ಕೊಟ್ರೆ ಆ ದುಡ್ಡು ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಪೊಲೀಸ್ರು ತಡೆ ಹಾಕಿಸ್ತಾರೆ, ನಿಮ್ಮ ಖಾತೆಗೂ ಬರಬಹುದು. ಅದಕ್ಕೇ 1930ಕ್ಕೆ ಹೇಳುವಾಗ ಬಂದ ದುಡ್ಡಿನ ಲೆಕ್ಕನೂ ಮುಚ್ಚಿಡದೆ ಹೇಳಿ.

ಕೆಂಗೇರಿ_ಉಪನಗರ

ಕಾಲ್ ಮಾಡ್ದೆ, ದೂರಿನ ನಂಬರ್ ಕೊಟ್ರು, ಸೈಬರ್ ಕ್ರೈಮ್ ಪೋರ್ಟಲಲ್ಲಿ ಉಳಿದ ವಿವರ ತುಂಬೋಕೆ ಹೇಳಿದಾರೆ. ಅಣ್ಣ ಬೈಲಿಲ್ಲ, ಪಕ್ಕದಲ್ಲೇ ಕೂತ್ಕೊಂಡು ಎಲ್ಲ ತುಂಬಿಸ್ದ. ತುಂಬಾ ಥ್ಯಾಂಕ್ಸ್. ಈಗ ಕೈ ನಡುಗೋದು ನಿಂತಿದೆ. ಹಾಗಾದ್ರೆ ಟೆಸ್ಟಿಂಗ್‌ನಿಂದ ಮನೇಲಿ ಕೂತು ದುಡಿಯೋದು ಅನ್ನೋದೇ ಸುಳ್ಳಾ?

ರಾಜಾಜಿನಗರ_ಟೆಸ್ಟರ್

ಸುಳ್ಳಲ್ಲ. ನಾನು ಐದು ವರ್ಷದಿಂದ ಮಾಡ್ತಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಓದ್ಕೊಳ್ಳಿ. ನಿಮ್ಗೆ ಆಗಿರೋದು ಕೇಳಿ ಹೊಟ್ಟೆ ಉರೀತು, ಯಾಕಂದ್ರೆ ನಾವು ಮಾಡೋ ಕೆಲಸದ ಹೆಸರು ಹೇಳ್ಕೊಂಡೇ ಅವರು ಗಾಳ ಹಾಕ್ತಿರೋದು.

ಮೊದಲು ಒಂದು ವ್ಯತ್ಯಾಸ ತಲೇಲಿಟ್ಕೊಳ್ಳಿ. ಸ್ಟಾರ್ ಕೊಡೋದು ಟೆಸ್ಟಿಂಗೇ ಅಲ್ಲ. ದುಡ್ಡು ಕೊಟ್ಟು ರೇಟಿಂಗ್ ಬರೆಸೋದನ್ನ ಗೂಗಲ್ ಪ್ಲೇ ತನ್ನ ನಿಯಮದಲ್ಲೇ ಬೇಡ ಅಂದಿದೆ. ಟೆಸ್ಟಿಂಗ್ ಅಂದ್ರೆ ಎಲ್ಲಿ ಕೆಡುತ್ತೆ, ಎಲ್ಲಿ ಜನ ತಡವರಿಸ್ತಾರೆ ಅನ್ನೋದನ್ನ ಆಪ್ ಮಾಡಿದವರಿಗೆ ಗುಟ್ಟಾಗಿ ಹೇಳೋದು. ಅದಕ್ಕೆ ಅವರು ನಿಮ್ಗೆ ಕೊಡ್ತಾರೆ, ನೀವು ಅವರಿಗೆ ಒಂದು ಪೈಸೆ ಕೊಡೋ ಪ್ರಶ್ನೆನೇ ಇಲ್ಲ. ರಿಜಿಸ್ಟ್ರೇಷನ್ ಫೀ, ಟ್ರೇನಿಂಗ್ ಕಿಟ್, ಡೆಪಾಸಿಟ್ ಅಂತ ಬಾಯಿ ಬಿಟ್ರೆ ಆ ಕಡೆ ತಿರುಗಿನೂ ನೋಡಬೇಡಿ.

ಕೆಲಸದಲ್ಲಿ ಎರಡು ಜಾತಿ ಇದೆ. ಒಂದು, ಮಾತಾಡ್ಕೊಂಡು ಬಳಸೋದು. ಯೂಸರ್‌ಟೆಸ್ಟಿಂಗ್, ಯೂಸರ್‌ಲಿಟಿಕ್ಸ್, ಯೂಸರ್‌ಬ್ರೇನ್ ಅನ್ನೋ ಸೈಟ್‌ಗಳೆಲ್ಲ ಈ ಥರದವು. ಸ್ಕ್ರೀನೂ ಧ್ವನಿನೂ ರೆಕಾರ್ಡ್ ಆಗ್ತಿರುತ್ತೆ, ಅವರು ಒಂದು ಕೆಲಸ ಕೊಡ್ತಾರೆ, ಈ ಸೈಟಲ್ಲಿ ಒಂದು ಶೂ ಹುಡುಕಿ ಕಾರ್ಟಿಗೆ ಹಾಕಿ ಅಂತಿಟ್ಕೊಳ್ಳಿ, ನೀವು ಮನಸ್ಸಲ್ಲಿ ಏನು ಬರ್ತಿದೆಯೋ ಅದನ್ನೆಲ್ಲ ಬಾಯ್ಬಿಟ್ಟು ಹೇಳ್ಕೊಂಡು ಮಾಡ್ಬೇಕು. ಯೂಸರ್‌ಟೆಸ್ಟಿಂಗ್ 2007ರಲ್ಲಿ ಶುರುವಾದದ್ದು, 20 ನಿಮಿಷದ ಟೆಸ್ಟಿಗೆ 10 ಡಾಲರ್ ಅಂತಲೇ ಬಹಳ ವರ್ಷ ಅದು ಹೆಸರಾಗಿತ್ತು. ಯೂಸರ್‌ಬ್ರೇನಲ್ಲಿ ಒಂದಕ್ಕೆ 5 ಡಾಲರ್. ಬಹುಪಾಲು ಇಂಗ್ಲಿಷಲ್ಲೇ ಮಾತಾಡಬೇಕಾಗುತ್ತೆ. ಅಮೆರಿಕದ ಉಚ್ಚಾರಣೆ ಬೇಕಿಲ್ಲ, ನಿಂತು ನಿಂತು ಹೇಳಿದ್ರೂ ಸಾಕು, ಆದ್ರೆ ಸುಮ್ಮನೆ ಇರಬಾರದು. ನಾನು ಮೊದಲನೇ ಪ್ರಾಕ್ಟೀಸ್ ಟೆಸ್ಟಲ್ಲಿ ಮೂರು ನಿಮಿಷ ಮೌನವಾಗಿದ್ದೆ, ರಿಜೆಕ್ಟ್ ಆಯ್ತು.

ಎರಡನೇ ಜಾತಿ ಬಗ್, ಅಂದ್ರೆ ಆಪಲ್ಲಿರೋ ತಪ್ಪು, ಹುಡುಕೋದು. ಯುಟೆಸ್ಟ್, ಟೆಸ್ಟ್ ಐಒ, ಟೆಸ್ಟ್‌ಬರ್ಡ್ಸ್. ಯುಟೆಸ್ಟ್ ಅನ್ನೋದು ಅಪ್ಲಾಸ್ ಕಂಪನಿಯ ಟೆಸ್ಟರ್ ಬಳಗ, ಅಲ್ಲಿ ಕಲಿಯೋಕೆ ಉಚಿತ ಪಾಠಗಳಿವೆ, ಮೊದ್ಲು ಅದನ್ನೇ ಮುಗಿಸಿ. ಇಲ್ಲಿ ಇಂಗ್ಲಿಷ್ ಮಾತಾಡೋದಕ್ಕಿಂತ ಬರೆಯೋದು ಮುಖ್ಯ. ಬಗ್ ಒಪ್ಪಿಕೊಂಡ್ರೆ ದುಡ್ಡು, ಇಲ್ಲಾಂದ್ರೆ ಇಲ್ಲ, ಅದೇ ಬಗ್ಗನ್ನ ನಿಮಗಿಂತ ಮೊದಲು ಇನ್ಯಾರಾದ್ರೂ ಹಾಕಿದ್ರೂ ಇಲ್ಲ.

ಈಗ ದುಡ್ಡಿನ ಮಾತು. ನಂದು ಒಳ್ಳೇ ತಿಂಗಳು 9 ಸಾವಿರದ ಹತ್ರ ಹೋಗಿದೆ, ಹೋದ ಫೆಬ್ರವರಿಲಿ 700 ರೂಪಾಯಿ. ಬಾಡಿಗೆ ಕಟ್ಟೋ ದುಡ್ಡು ಅಂತ ಇದನ್ನ ನಂಬ್ಕೊಂಡು ಕೂರಬೇಡಿ. ಯಾಕೆ ಹೀಗೆ ಅಂದ್ರೆ, ಕಂಪನಿಗೆ ಒಂದು ಸಲಕ್ಕೆ ಬೇಕಾಗಿರೋ ಜನವೇ ಕಮ್ಮಿ. ಸೈಟು ಆಪುಗಳನ್ನ ಜನ ಹೇಗೆ ಬಳಸ್ತಾರೆ ಅಂತ ಅಧ್ಯಯನ ಮಾಡೋ ಯಾಕೋಬ್ ನೀಲ್ಸನ್ ಅನ್ನೋರು 2000ದಲ್ಲೇ ಬರೆದಿದ್ರು, ಐದು ಜನ ಬಳಸಿ ನೋಡಿದ್ರೆ ಸುಮಾರು ಶೇ. 85 ತೊಡಕುಗಳು ಹೊರಗೆ ಬರ್ತವೆ ಅಂತ. ಈ ಲೆಕ್ಕವನ್ನ ಇವತ್ತಿಗೂ ಬಹಳ ಕಂಪನಿಗಳು ಪಾಲಿಸ್ತವೆ. ಐದು ಸೀಟಿಗೆ ಪ್ರಪಂಚದ ಎಲ್ಲ ಕಡೆಯಿಂದ ಜನ ಕಾಯ್ತಿರ್ತಾರೆ, ಅದಕ್ಕೇ ಮೊದ್ಲು ಸ್ಕ್ರೀನರ್ ಅಂತ ಮೂರ್ನಾಕು ಪ್ರಶ್ನೆ ಕೇಳಿ ಸೋಸ್ತಾರೆ, ಹತ್ತರಲ್ಲಿ ಒಂಬತ್ತು ಸಲ ಅಲ್ಲೇ ಹೊರಗೆ ಬೀಳ್ತೀವಿ. ಅದಕ್ಕೆ ಸುಳ್ಳು ಹೇಳ್ಕೊಂಡು ಒಳಗೆ ಹೋಗಬೇಡಿ, ಕಾರಿಲ್ಲದೆ ಕಾರಿದೆ ಅಂದ್ರೆ ಎರಡನೇ ನಿಮಿಷದಲ್ಲಿ ಸಿಕ್ಕಿಬೀಳ್ತೀರ, ಟೆಸ್ಟರ್ ಅಂತ ನಿಮಗಿರೋ ರೇಟಿಂಗ್ ಇಳೀತು ಅಂದ್ರೆ ಆಮೇಲೆ ಟೆಸ್ಟೇ ಬರಲ್ಲ.

ಹಳೇ_ಫೋನ್_ಪುಣ್ಯ

ರಾಜಾಜಿನಗರ ಸಾರ್ ಹೇಳಿದ್ದೆಲ್ಲ ಸರಿ. ನಾನು ಸೇರಿಸೋದು ಇಷ್ಟೇ, ಮನೇಲಿ ಹಳೇ ಫೋನಿದ್ರೆ ಮಾರ್ಬೇಡಿ. ನನ್ನ ಹತ್ರ ಆಂಡ್ರಾಯ್ಡ್ 9ರ 2 ಜಿಬಿ ರ್‍ಯಾಮಿನ ಫೋನ್ ಒಂದಿದೆ, ಎಕ್ಸ್‌ಚೇಂಜಿಗೆ ಹೋದ್ರೆ 600 ರೂಪಾಯಿ ಕೊಡ್ತೀವಿ ಅಂದ್ರು. ಅದರಲ್ಲೇ ನಂಗೆ ಅತಿ ಹೆಚ್ಚು ಬಗ್ ಸಿಕ್ಕಿರೋದು. ಆಪ್ ಮಾಡೋರ ಟೇಬಲ್ ಮೇಲೆ ಹೊಸ ಫೋನ್, ಆಫೀಸ್ ವೈಫೈ. ನಮ್ಮದು ಹಾಗಲ್ವಲ್ಲ. ನಾನು ದಿನಾ ಮೆಟ್ರೋಲಿ ಓಡಾಡ್ತೀನಿ, ಹಸಿರು ಮಾರ್ಗದಲ್ಲಿ ಸಂಪಿಗೆ ರಸ್ತೆ ದಾಟಿದ್ಮೇಲೆ ರೈಲು ನೆಲದೊಳಗೆ ಇಳಿಯುತ್ತೆ, ಮೆಜೆಸ್ಟಿಕ್, ಮಾರ್ಕೆಟ್ ಎಲ್ಲ ಆದ್ಮೇಲೆ ನ್ಯಾಷನಲ್ ಕಾಲೇಜ್ ಹತ್ರ ಮೇಲೆ ಬರುತ್ತೆ. ಸುರಂಗದಲ್ಲಿ ಸಿಗ್ನಲ್ ಬರುತ್ತೆ ಹೋಗುತ್ತೆ. ಸರಿಯಾಗಿ ಇಳಿಯೋ ಹೊತ್ತಿಗೆ ಆರ್ಡರ್ ಬಟನ್ ಒತ್ತಿದ್ರೆ ಯಾವ ಆಪ್ ನೆಟ್ಟಗಿದೆ ಯಾವುದು ಇಲ್ಲ ಅಂತ ಗೊತ್ತಾಗಿ ಹೋಗುತ್ತೆ. ಒಂದರಲ್ಲಿ ಒಂದೇ ಆರ್ಡರ್ ಎರಡು ಸಲ ಬಿದ್ದಿತ್ತು, ಅದು ಕ್ರಿಟಿಕಲ್, ಅಂದ್ರೆ ಗಂಭೀರ ತಪ್ಪು ಅಂತ ಒಪ್ಪಿದ್ರು.

ಒತ್ತಕ್ಷರ

ನಂಗೆ ಈ ವಿಷಯ ಬಂದ್ರೆ ಸುಮ್ಮನಿರೋಕಾಗಲ್ಲ ಕ್ಷಮಿಸಿ. ಕೆಂಗೇರಿಯವರೇ, ನಿಮ್ಮ ಹತ್ರ ಇರೋ ದೊಡ್ಡ ಬಂಡವಾಳ ಕನ್ನಡ. ಈಗ ಬಹಳ ಆಪಲ್ಲಿ ಕನ್ನಡ ಅಂತ ಒಂದು ಆಯ್ಕೆ ಇಟ್ಟಿರ್ತಾರೆ, ಆದ್ರೆ ಅದನ್ನ ಒತ್ತಿ ಕೊನೇವರೆಗೂ ಬಳಸಿ ನೋಡಿದವರು ಕಂಪನಿ ಒಳಗೆ ಎಷ್ಟೋ ಸಲ ಒಬ್ಬರೂ ಇರಲ್ಲ.

ಒಂದು ಪೇಮೆಂಟ್ ಆಪಲ್ಲಿ ನಾನು ನೋಡಿದ್ದು ಹೇಳ್ತೀನಿ. ಹಸಿರು ಪಟ್ಟಿ ಮೇಲೆ ಒಟ್ಟು ಮೊತ್ತ ಅಂತ ಇರಬೇಕಿತ್ತು, ಕಾಣ್ತಿದ್ದದ್ದು ಒಟು ಮೊತ. ಪದ ತಪ್ಪು ಬರೆದಿರ್ಲಿಲ್ಲ, ಕೆಳಗಿನ ಒತ್ತುಗಳನ್ನ ಪಟ್ಟಿಯ ಅಂಚು ಕತ್ತರಿಸಿ ಹಾಕಿತ್ತು. ಇಂಗ್ಲಿಷ್ ಅಕ್ಷರಕ್ಕೆ ಅಂತ ಸಾಲಿನ ಎತ್ತರ ಕಟ್ಟುನಿಟ್ಟಾಗಿ ಇಟ್ಬಿಟ್ಟಿರ್ತಾರೆ, ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಎರಡೂ ಕಡೆ ಜಾಗ ಬೇಕು. ಫೋನಿನ ಅಕ್ಷರ ದೊಡ್ಡದು ಮಾಡಿದ್ರೆ ಇನ್ನೂ ಕೆಡುತ್ತೆ, ನಮ್ಮ ಮನೆ ಹಿರಿಯರೆಲ್ಲ ದೊಡ್ಡ ಅಕ್ಷರದಲ್ಲೇ ತಾನೇ ಬಳಸೋದು.

ಇನ್ನೊಂದು ಕಡೆ ಹೆಸರು ಬರೆಯೋ ಜಾಗದಲ್ಲಿ ಕ ಅಂದ್ರೆ ಒಪ್ತಿತ್ತು, ಕಿ ಅಂದ್ರೆ ಅಕ್ಷರ ಮಾತ್ರ ಬರೆಯಿರಿ ಅಂತ ಕೆಂಪಗೆ ತೋರಿಸ್ತಿತ್ತು. ಯೂನಿಕೋಡಲ್ಲಿ ವ್ಯಂಜನ ಬೇರೆ, ಗುಣಿತದ ಚಿಹ್ನೆ ಬೇರೆ. ಪ್ರೋಗ್ರಾಮ್ ಬರೆದವರು ಅಕ್ಷರಗಳಿಗೆ ಮಾತ್ರ ಬಾಗಿಲು ತೆಗೆದಿದ್ರು, ಗುಣಿತ ಆಚೆನೇ ನಿಂತ್ಬಿಟ್ಟಿತ್ತು. ಹಾಗೇ ಲಕ್ಷ್ಮಿ ಅನ್ನೋದು ಕಣ್ಣಿಗೆ ಎರಡೇ ಅಕ್ಷರ, ಕಂಪ್ಯೂಟರ್ ಎಣಿಸಿದ್ರೆ 7. ಹೆಸರಿಗೆ ಇಷ್ಟೇ ಅಕ್ಷರ ಅಂತ ಮಿತಿ ಹಾಕಿದ ಕಡೆ ಒಂದು ಸಲ ಲಕ್ಷ್ಮೀನಾರಾಯಣ ಅಂತ ಬರೆದು ನೋಡಿ. ತನ್ನ ಹೆಸರನ್ನ ತನ್ನ ಭಾಷೇಲಿ ಬರೆಯೋಕೆ ಹೋದವರಿಗೆ ನಿನ್ನ ಹೆಸರೇ ತಪ್ಪು ಅಂತ ಯಂತ್ರ ಹೇಳೋದು ನಂಗೆ ಬಹಳ ನೋವು ಕೊಡೋ ವಿಷಯ. ಇದನ್ನ ಕನ್ನಡದವರು ಹೇಳ್ದೆ ಇನ್ಯಾರು ಹೇಳ್ತಾರೆ?

ಕಾಫಿ_ಮತ್ತು_ಕೋಡ್

ನಾನು ಆ ಕಡೆಯವನು, ಆಪ್ ಮಾಡೋನು. ಎಚ್‌ಎಸ್‌ಆರ್ ಲೇಔಟಲ್ಲಿ ಕೂತು ಒಬ್ಬನೇ ನೀರಿನ ಟ್ಯಾಂಕರ್ ಬುಕ್ ಮಾಡೋ ಆಪ್ ಒಂದು ಮಾಡ್ತಿದೀನಿ, ಕನ್ನಡ ಇಂಗ್ಲಿಷ್ ಎರಡರಲ್ಲೂ. ನಮ್ಮಂಥೋರಿಗೆ ಟೆಸ್ಟರ್‌ಗಳು ಎಷ್ಟು ಬೇಕು ಅಂದ್ರೆ, 2023ರ ನವೆಂಬರ್ 13ರ ನಂತರ ವೈಯಕ್ತಿಕ ಡೆವಲಪರ್ ಖಾತೆ ತೆಗೆದವರು ಪ್ಲೇ ಸ್ಟೋರಲ್ಲಿ ಆಪ್ ಬಿಡಬೇಕಂದ್ರೆ ಮೊದ್ಲು ಕ್ಲೋಸ್ಡ್ ಟೆಸ್ಟ್, ಅಂದ್ರೆ ಆರಿಸಿದ ಕೆಲವರಿಂದ ಮಾತ್ರ ಟೆಸ್ಟ್, ಮಾಡಿಸಲೇಬೇಕು ಅಂತ ಗೂಗಲ್ ನಿಯಮ ತಂತು. ಆಗ 20 ಜನ, 2024ರ ಡಿಸೆಂಬರಲ್ಲಿ 12ಕ್ಕೆ ಇಳಿಸಿದ್ರು, ಆ 12 ಜನವೂ ಸತತ 14 ದಿನ ಟೆಸ್ಟಲ್ಲಿ ಇರಬೇಕು. ಅದಕ್ಕೇ ಎಲ್ಲೆಲ್ಲೂ ಟೆಸ್ಟರ್ ಬೇಕು ಅಂತ ಕೇಳೋರು ಜಾಸ್ತಿ ಆಗಿರೋದು, ಮೋಸಗಾರರೂ ಇದೇ ಮಾತಿನ ನೆರಳಲ್ಲಿ ನುಗ್ತಿದಾರೆ.

ನಂಗೆ ಇನ್ನೂ 4 ಜನ ಬೇಕು. ಸುಮ್ಮನೆ ಇನ್‌ಸ್ಟಾಲ್ ಮಾಡಿಟ್ಕೊಳ್ಳೋರು ಬೇಡ, ನಿಜವಾಗಿ ಬಳಸೋರು ಬೇಕು. ಒಪ್ಪೋ ಅಂಥ ಒಂದು ಬಗ್ಗಿಗೆ 200 ರೂಪಾಯಿ, ಅಷ್ಟೇ ನನ್ನ ಕೈಲಾಗೋದು. ರೇಟಿಂಗ್ ಕೇಳಲ್ಲ, ಒಟಿಪಿ ಕೇಳಲ್ಲ, ಟೆಸ್ಟ್ ಬುಕಿಂಗಿಗೆ ದುಡ್ಡು ಕಟ್ಟೋ ಹಾಗೇ ಇಲ್ಲ. ಕೆಂಗೇರಿಯವರಿಗೆ ಇಷ್ಟ ಇದ್ರೆ ಮಾತ್ರ.

ಮಲ್ಲೇಶ್ವರ_8ನೇಕ್ರಾಸ್

ಲಿಂಕ್ ಪ್ಲೇ ಸ್ಟೋರಿನದ್ದೇನಾ ಇಲ್ಲ ಸ್ಟೋರ್ ಬಿಟ್ಟು ನೇರವಾಗಿ ಹಾಕ್ಕೊಳ್ಳೋ ಎಪಿಕೆ ಫೈಲ್ ಕಳಿಸ್ತೀರಾ? ತಪ್ಪು ತಿಳ್ಕೋಬೇಡಿ, ಅವರಿಗೆ ಈಗಷ್ಟೇ ಒಂದು ಪೆಟ್ಟು ಬಿದ್ದಿದೆ.

ಕಾಫಿ_ಮತ್ತು_ಕೋಡ್

ಕೇಳಿದ್ದು ಒಳ್ಳೇದೇ ಆಯ್ತು. ಪ್ಲೇ ಸ್ಟೋರಿನ ಟೆಸ್ಟಿಂಗ್ ಲಿಂಕೇ. ಯಾರಾದ್ರೂ ವಾಟ್ಸಾಪಲ್ಲಿ ಎಪಿಕೆ ಕಳಿಸಿ ಹಾಕ್ಕೊಳ್ಳಿ ಅಂದ್ರೆ ಹಾಕ್ಕೋಬೇಡಿ, ಎಸ್ಸೆಮ್ಮೆಸ್ ಓದೋ ಅನುಮತಿ, ಪರದೆ ಮೇಲಿನದ್ದನ್ನ ಓದೋ ಆಕ್ಸೆಸಿಬಿಲಿಟಿ ಅನುಮತಿ ಕೊಟ್ರೆ ನಿಮ್ಮ ಒಟಿಪಿ ಅವರ ಕೈಲಿ ಇದ್ದ ಹಾಗೇ. ನನ್ನ ಆಪ್ ಕೇಳೋದು ಲೊಕೇಷನ್ ಒಂದೇ, ಬೇಡ ಅಂದ್ರೂ ಕೆಲಸ ಮಾಡುತ್ತೆ. ಆದ್ರೂ ಬ್ಯಾಂಕ್ ಆಪ್ ಇಲ್ಲದ ಫೋನಲ್ಲಿ ಹಾಕ್ಕೊಂಡ್ರೆ ಇನ್ನೂ ನೆಮ್ಮದಿ.

ಲೆಕ್ಕದ_ಪುಸ್ತಕ

ಡಾಲರ್ ಬರೋರಿಗೆ ಎರಡು ಮಾತು. ಆನ್‌ಲೈನಲ್ಲಿ ದುಡ್ಡು ಕಳಿಸೋ ತರಿಸೋ ಸೇವೆ ಪೇಪಾಲ್ 2021ರ ಏಪ್ರಿಲ್ 1ರಿಂದ ದೇಶದೊಳಗಿನ ಪಾವತಿ ನಿಲ್ಸಿದೆ, ಹೊರದೇಶದಿಂದ ಬರೋದು ಮಾತ್ರ ನಡೀತಿದೆ. ಪ್ಯಾನ್ ಬೇಕು, ಬ್ಯಾಂಕ್ ಖಾತೆ ಜೋಡಿಸ್ಬೇಕು, ಈ ದುಡ್ಡು ಯಾತಕ್ಕೆ ಅಂತ ಪರ್ಪಸ್ ಕೋಡ್ ಆರಿಸ್ಬೇಕು, ಬಂದದ್ದು ತಾನಾಗೇ ಬ್ಯಾಂಕಿಗೆ ಹೋಗುತ್ತೆ. ಫೀಸು, ಡಾಲರನ್ನ ರೂಪಾಯಿ ಮಾಡೋ ದರ, ಎರಡರಲ್ಲೂ ಸ್ವಲ್ಪ ಸ್ವಲ್ಪ ಹಿಡ್ಕೊಳ್ತಾರೆ, 10 ಡಾಲರಿಗೆ ಪೇಪರಲ್ಲಿ ಬರೋ ರೇಟ್ ಗುಣಿಸಿ ಲೆಕ್ಕ ಹಾಕಬೇಡಿ. ಇದೂ ಆದಾಯವೇ, ರಿಟರ್ನ್ ಹಾಕುವಾಗ ತೋರಿಸ್ಬೇಕು. 2025-26ರಿಂದ ಹೊಸ ತೆರಿಗೆ ಪದ್ಧತೀಲಿ 12 ಲಕ್ಷದವರೆಗೆ ರಿಯಾಯಿತಿ ಇರೋದ್ರಿಂದ ನಮ್ಮಂಥೋರಿಗೆ ತೆರಿಗೆ ಬೀಳಲ್ಲ, ಆದ್ರೂ ಒಂದು ನೋಟ್‌ಬುಕ್ಕಲ್ಲಿ ದಿನಾಂಕ ಹಾಕಿ ಬರೆದಿಡಿ. ಸೇವೆಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ, ಈಗ ಅದರ ಯೋಚನೆ ಬೇಡ.

ಕೆಂಗೇರಿ_ಉಪನಗರ

ನಾಲ್ಕು ದಿನ ಆದ್ಮೇಲೆ ಬಂದೆ. 1930ರಿಂದ ಮೆಸೇಜ್ ಬಂತು, 8000ದಲ್ಲಿ 3,100 ರೂಪಾಯಿ ಒಂದು ಖಾತೇಲಿ ತಡೆ ಹಿಡಿದಿದಾರಂತೆ, ವಾಪಸ್ ಬರೋಕೆ ಟೈಮ್ ಹಿಡಿಯುತ್ತೆ ಅಂದ್ರು. ಉಳಿದದ್ದು ಗೊತ್ತಿಲ್ಲ.

ಟ್ಯಾಂಕರ್ ಆಪ್ ಅಮ್ಮನ ಹಳೇ ಫೋನಲ್ಲಿ ಹಾಕ್ಕೊಂಡೆ. ಅಮ್ಮನೂ ಪಕ್ಕದಲ್ಲಿ ಕೂತು ನೋಡಿದ್ರು, ಬುಕ್ ಮಾಡಿ ಅನ್ನೋ ಬಟನ್ ಎಲ್ಲಿದೆ ಅಂತ ಅವರಿಗೆ ಗೊತ್ತೇ ಆಗ್ಲಿಲ್ಲ, ಮೇಲಿನ ಟ್ಯಾಂಕರ್ ಚಿತ್ರನ ಒತ್ತುತಾ ಇದ್ರು. ಅದು ಬಗ್ ಆಗುತ್ತಾ ಗೊತ್ತಿಲ್ಲ. ಇನ್ನೊಂದು ಹೀಗೆ ಬರೆದಿದೀನಿ, ಕಳಿಸೋ ಮುಂಚೆ ರಾಜಾಜಿನಗರ ಸಾರ್ ಒಂದ್ಸಲ ನೋಡ್ತೀರಾ:

ಭಾಷೆ ಬದಲಾಯಿಸಿದ್ರೆ ಆಪ್ ಸರಿಯಾಗಿ ಕೆಲಸ ಮಾಡ್ತಿಲ್ಲ. ನೀರು ಕಮ್ಮಿ ಆಗುತ್ತೆ. ದಯವಿಟ್ಟು ಸರಿ ಮಾಡಿ.

ರಾಜಾಜಿನಗರ_ಟೆಸ್ಟರ್

ಅಮ್ಮ ಚಿತ್ರ ಒತ್ತಿದ್ದು ಬಹಳ ಬೆಲೆಬಾಳೋ ಫೀಡ್‌ಬ್ಯಾಕ್, ಅದನ್ನ ಬೇರೆಯಾಗಿ ಬರೀರಿ, ಅಮ್ಮ ಏನು ಮಾಡಿದ್ರು ಅನ್ನೋದಷ್ಟನ್ನೇ ಬರೀರಿ, ಹೀಗೆ ಮಾಡಿ ಅಂತ ಸಲಹೆ ಬೇಡ.

ನೀರು ಕಮ್ಮಿ ಆಗೋದು ಅಂದ್ರೆ ಏನು ನಿಖರವಾಗಿ? ನೀವು ಪಕ್ಕದಲ್ಲಿಲ್ಲದೆ ಓದೋನಿಗೆ ಅದೇ ತಪ್ಪು ಅವನ ಫೋನಲ್ಲೂ ಬರಬೇಕು, ಅಷ್ಟು ಬಿಡಿಸಿ ಹೇಳ್ಬೇಕು. ಎಲ್ಲಿಂದ ಶುರು ಮಾಡಿದ್ರಿ, ಏನು ಒತ್ತಿದ್ರಿ, ಏನು ಬರಬೇಕಿತ್ತು, ಏನು ಬಂತು, ಯಾವ ಫೋನು, ಆಂಡ್ರಾಯ್ಡ್ ಎಷ್ಟು. ಮತ್ತೆ ಮೂರು ಸಲ ಮಾಡಿ ನೋಡಿ, ಮೂರು ಸಲವೂ ಬಂತಾ ಅಂತ ಬರೀರಿ. ಸ್ಕ್ರೀನ್ ರೆಕಾರ್ಡ್ ಹಾಕಿ, ಅದರಲ್ಲಿ ನಿಮ್ಮ ಮೆಸೇಜ್ ನೋಟಿಫಿಕೇಷನ್ ಏನೂ ಕಾಣದ ಹಾಗೆ ಡು ನಾಟ್ ಡಿಸ್ಟರ್ಬ್ ಹಾಕ್ಕೊಳ್ಳಿ.

ಕೆಂಗೇರಿ_ಉಪನಗರ

ಮತ್ತೆ ಬರೆದೆ:

ಭಾಷೆಯನ್ನ ಇಂಗ್ಲಿಷಿಂದ ಕನ್ನಡಕ್ಕೆ ಬದಲಾಯಿಸಿದ್ರೆ ಆರಿಸಿದ್ದ 6000 ಲೀಟರ್ ತಾನಾಗೇ 4000 ಆಗುತ್ತೆ, ಬೆಲೆ ಮಾತ್ರ 6000ದ್ದೇ ಉಳಿಯುತ್ತೆ.

1. ಆಪ್ ತೆರೆದು ಇಂಗ್ಲಿಷಲ್ಲಿ 6000 ಲೀಟರ್ ಆರಿಸ್ದೆ.
2. ವಿಳಾಸದ ಪುಟಕ್ಕೆ ಹೋಗಿ ಮೇಲಿನ ಬಲಗಡೆ ಕನ್ನಡ ಒತ್ತಿದೆ.
3. ಮುಂದಕ್ಕೆ ಒತ್ತಿ ಕೊನೆ ಪುಟ ನೋಡ್ದೆ.

ಬರಬೇಕಿದ್ದದ್ದು: 6000 ಲೀಟರ್, ಅದರ ಬೆಲೆ. ಬಂದದ್ದು: 4000 ಲೀಟರ್, 6000ದ ಬೆಲೆ. ಮೂರಕ್ಕೆ ಮೂರು ಸಲವೂ ಬಂತು. ಕನ್ನಡದಿಂದ ಇಂಗ್ಲಿಷಿಗೆ ಹೋದ್ರೆ ಬರಲ್ಲ. ಆಂಡ್ರಾಯ್ಡ್ 10, 3 ಜಿಬಿ ರ್‍ಯಾಮ್, ಮನೆ ವೈಫೈ. ವಿಡಿಯೋ 41 ಸೆಕೆಂಡ್.

ರಾಜಾಜಿನಗರ_ಟೆಸ್ಟರ್

ಒಂದಕ್ಷರ ಬದಲಾಯಿಸ್ಬೇಡಿ. ಕಳಿಸಿ.

ಕಾಫಿ_ಮತ್ತು_ಕೋಡ್

ನನ್ನ ಫೋನಲ್ಲೂ ಮೊದಲನೇ ಸಲಕ್ಕೇ ಬಂತು. ಭಾಷೆ ಬದಲಾದ ತಕ್ಷಣ ಪುಟ ಮತ್ತೆ ಹುಟ್ಟುತ್ತೆ, ಲೀಟರ್ ಆಪ್ ತಾನಾಗೇ ಇಟ್ಕೊಂಡಿರೋ ಮೊದಲಿನ ಅಂಕಿಗೆ ಹೋಗ್ತಿದೆ, ಬೆಲೆ ಬೇರೆ ಕಡೆ ಉಳಿದುಬಿಟ್ಟಿದೆ. ಇದು ಹೀಗೇ ಬಿಡುಗಡೆ ಆಗಿದ್ರೆ ಕನ್ನಡದಲ್ಲಿ ಬಳಸೋರಿಗೆ ಮಾತ್ರ 6000ದ ದುಡ್ಡಿಗೆ 4000 ಲೀಟರ್ ಹೋಗ್ತಿತ್ತು, ನಂಗೆ ಎದೆ ಧಸಕ್ ಅಂತು. 200 ಕಳಿಸಿದೀನಿ. ಅಮ್ಮ ಒತ್ತಿದ ಚಿತ್ರದ್ದು ಬೇರೆ 200, ಈಗ ಆ ಚಿತ್ರ ಒತ್ತಿದ್ರೂ ಬುಕಿಂಗ್ ಶುರುವಾಗೋ ಹಾಗೆ ಮಾಡ್ತಿದೀನಿ. ರಾತ್ರಿ ಹೊಸ ಬಿಲ್ಡ್, ಅಂದ್ರೆ ತಿದ್ದಿದ ಆಪ್, ಬರುತ್ತೆ, ಅಮ್ಮನಿಗೇ ಕೊಟ್ಟು ಏನೂ ಹೇಳದೆ ನೋಡ್ತೀರಾ?

ಕೆಂಗೇರಿ_ಉಪನಗರ

ಸರಿ. ಅವರು ಎಂಟೂವರೆಗೆ ಮಾತ್ರೆ ತಗೊಂಡು ಮಲಗ್ತಾರೆ, ಅದಕ್ಕೂ ಮುಂಚೆ ಕಳಿಸಿ.